ಮಾತ್ರೆಯೋ ಇಂಜೆಕ್ಷನ್ನೋ? ಮೊದಲು ಎಷ್ಟು ಅಂಡಾಣು ಬೇಕು ಅಂತ ಕೇಳಿ

ಪ್ರಶ್ನೆ: ಡಾಕ್ಟ್ರೇ, ನನಗೆ 31 ವರ್ಷ. ಮದುವೆಯಾಗಿ ನಾಲ್ಕು ವರ್ಷ ಆಯಿತು. ಪಿಸಿಓಎಸ್ ಇದೆ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತದೆ. ಎಎಂಎಚ್ 8.2 ಇದೆಯಂತೆ. ನನ್ನವರ ವೀರ್ಯ ಪರೀಕ್ಷೆ ನಾರ್ಮಲ್. ಮೂರು ತಿಂಗಳು ಕ್ಲೋಮಿಫೀನ್ ಮಾತ್ರೆ ತೆಗೆದುಕೊಂಡೆ. ಮೊದಲ ಸಲ 50, ಆಮೇಲೆ ಎರಡು ಸಲ 100. ಫಾಲಿಕಲ್ ಬೆಳೆದೇ ಇಲ್ಲ ಎಂದು ಮೂರೂ ಸಲ ಸ್ಕ್ಯಾನ್‌ನಲ್ಲಿ ಹೇಳಿದರು. ಈಗ ಲೆಟ್ರೊಜೋಲ್ ಬರೆದಿದ್ದಾರೆ. ಮನೆಗೆ ತಂದು ಡಬ್ಬಿಯೊಳಗಿನ ಚೀಟಿ ಓದಿದರೆ, ಅದು ಸ್ತನ ಕ್ಯಾನ್ಸರ್‌ಗೆ ಕೊಡುವ ಮಾತ್ರೆ! ಎದೆ ಧಸಕ್ಕೆಂದಿತು. ನಮ್ಮ ದೊಡ್ಡಮ್ಮನ ಮಗಳಿಗೆ 38 ವರ್ಷ. ಅವಳ ಎಎಂಎಚ್ 0.7. ಐವಿಎಫ್‌ಗೆ ದಿನಾ 300 ಯೂನಿಟ್ ಇಂಜೆಕ್ಷನ್ ತೆಗೆದುಕೊಂಡಳು. 'ಮಾತ್ರೆಯಲ್ಲಿ ಸುಮ್ನೆ ಟೈಮ್ ಹಾಳು, ನೇರ ಇಂಜೆಕ್ಷನ್‌ಗೆ ಹೋಗು' ಅನ್ನುತ್ತಾಳೆ. ಹಾರ್ಮೋನ್ ಹಾಕಿಸಿಕೊಂಡರೆ ಇರುವ ಮೊಟ್ಟೆಗಳೂ ಖಾಲಿಯಾಗುತ್ತವೆ ಅಂತ ನಮ್ಮ ಅತ್ತೆ ಹೆದರಿಸುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಲೆಟ್ರೊಜೋಲ್ ಬರೆದವರ ಮಾತು ಕೇಳಿ. ನೀವು ಕೊಟ್ಟ ವಿವರ ನೋಡಿದರೆ ನಾನೂ ಅದನ್ನೇ ಬರೆಯುತ್ತಿದ್ದೆ. ನಿಜ ಹೇಳಬೇಕೆಂದರೆ, ಕ್ಲೋಮಿಫೀನ್‌ಗಿಂತ ಮೊದಲೇ ಬರೆಯುತ್ತಿದ್ದೆ. ಅದು ಯಾಕೆ ಎಂದು ಮುಂದೆ ಹೇಳುತ್ತೇನೆ.

ನಿಮ್ಮ ಅಕ್ಕ ಹೇಳಿದ್ದರಲ್ಲಿ ಒಂದು ಲೆಕ್ಕ ಅಡಗಿದೆ. ಮಾತ್ರೆ ಅಂದರೆ ವೀಕು, ಇಂಜೆಕ್ಷನ್ ಅಂದರೆ ಸ್ಟ್ರಾಂಗು ಅನ್ನುವ ಲೆಕ್ಕ ಅದು. ಜ್ವರ ಬಂದಾಗ ನಾವೆಲ್ಲ ಹಾಕುವ ಲೆಕ್ಕವೇ. ಅಂಡಾಶಯದ ವಿಷಯದಲ್ಲಿ ಅದು ನಡೆಯುವುದಿಲ್ಲ. ಇಲ್ಲಿ ಮೊದಲ ಪ್ರಶ್ನೆಯೇ ಬೇರೆ: ಈ ತಿಂಗಳು ನಮಗೆ ಎಷ್ಟು ಅಂಡಾಣು ಬೇಕು? ನಿಮಗೆ ಬೇಕಾಗಿರುವುದು ಒಂದೇ ಒಂದು. ನಿಮ್ಮ ಅಕ್ಕನಿಗೆ ಬೇಕಾಗಿದ್ದದ್ದು ಸಿಕ್ಕಷ್ಟೂ. ಗುರಿಯೇ ಬೇರೆ ಆದಮೇಲೆ ಔಷಧಿಯೂ ಬೇರೆ, ಡೋಸೂ ಬೇರೆ.

ದೇಹ ತಾನಾಗಿ ಈ ಕೆಲಸ ಹೇಗೆ ಮಾಡುತ್ತದೆ ಅಂತ ಗೊತ್ತಿದ್ದರೆ ಉಳಿದದ್ದೆಲ್ಲ ಸುಲಭ. ಅಂಡಾಶಯದಲ್ಲಿ ಪ್ರತಿ ತಿಂಗಳೂ ಒಂದಷ್ಟು ಸಣ್ಣ ಫಾಲಿಕಲ್‌ಗಳು ಬೆಳೆಯಲು ತಯಾರಾಗಿ ನಿಂತಿರುತ್ತವೆ. ಫಾಲಿಕಲ್ ಅಂದರೆ ಒಳಗೆ ಒಂದು ಅಂಡಾಣು ಇರುವ ನೀರಿನ ಗುಳ್ಳೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎಫ್‌ಎಸ್‌ಎಚ್ ಎಂಬ ಹಾರ್ಮೋನ್ ಬಿಡುತ್ತದೆ. ಅದನ್ನು ಕಾಲುವೆಯ ನೀರು ಅಂದುಕೊಳ್ಳಿ. ಮಡಿಯಲ್ಲಿ ಹತ್ತು ಹದಿನೈದು ಸಸಿ ಇವೆ. ನೀರು ಬಂದ ಕೂಡಲೇ ಎಲ್ಲವೂ ಚಿಗುರಲು ಶುರು ಮಾಡುತ್ತವೆ. ಆದರೆ ಬೇಗ ಬೆಳೆದ ಒಂದು ಫಾಲಿಕಲ್ ಈಸ್ಟ್ರೋಜನ್ ಎಂಬ ಹಾರ್ಮೋನ್ ಬಿಟ್ಟು, 'ಸಾಕು, ನೀರು ಕಡಿಮೆ ಮಾಡು' ಅಂತ ಮಿದುಳಿಗೆ ಹೇಳುತ್ತದೆ. ನೀರು ಇಳಿಯುತ್ತದೆ. ಆ ಒಂದು ಮಾತ್ರ ಸ್ವಲ್ಪ ನೀರಿನಲ್ಲೂ ಬದುಕುತ್ತದೆ, ಉಳಿದವು ಒಣಗುತ್ತವೆ. ಗೆದ್ದದ್ದು ದಿನಕ್ಕೆ ಸುಮಾರು 2 ಮಿ.ಮೀ. ಬೆಳೆದು 20 ಮಿ.ಮೀ. ಆಸುಪಾಸಿಗೆ ಬಂದಾಗ, ಎಲ್‌ಎಚ್ ಎಂಬ ಇನ್ನೊಂದು ಹಾರ್ಮೋನ್ ಒಮ್ಮೆಲೇ ಏರುತ್ತದೆ. ಗುಳ್ಳೆ ಒಡೆದು ಅಂಡಾಣು ಹೊರಗೆ ಬರುತ್ತದೆ.

ಪಿಸಿಓಎಸ್‌ನಲ್ಲಿ ಸಸಿಗಳಿಗೆ ಬರವಿಲ್ಲ. ನಿಮ್ಮ 8.2 ಹೇಳುತ್ತಿರುವುದೂ ಅದನ್ನೇ. ಎಎಂಎಚ್ ಎಂಬುದು ಸಣ್ಣ ಫಾಲಿಕಲ್‌ಗಳಿಂದ ಬರುವ ಹಾರ್ಮೋನ್, ಹಾಗಾಗಿ ಅವು ಜಾಸ್ತಿ ಇದ್ದರೆ ಅದೂ ಜಾಸ್ತಿ. ಆದರೆ ಯಾವುದೂ ಗೆಲ್ಲುವಷ್ಟು ಮುಂದೆ ಹೋಗುವುದಿಲ್ಲ, ಎಲ್ಲವೂ ಅರ್ಧಕ್ಕೇ ನಿಲ್ಲುತ್ತವೆ. ಅಂಡಾಣು ಹೊರಬರದಿದ್ದರೆ ಮುಟ್ಟೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ನೀರನ್ನು ಒಂದು ಚೂರು ಏರಿಸಿ ಒಂದು ಸಸಿಯನ್ನು ದಡ ಮುಟ್ಟಿಸಿದರೆ ನಮ್ಮ ಕೆಲಸ ಆಯಿತು. ತೂಬು ಪೂರ್ತಿ ಎತ್ತಿದರೆ ಏನಾಗುತ್ತದೆ ಅನ್ನುವುದು ನಿಮಗೇ ಹೊಳೆಯುತ್ತದೆ.

ಎರಡು ಮಾತ್ರೆಗಳೂ ಮಾಡುವುದು ಇದನ್ನೇ, ದಾರಿ ಬೇರೆ ಅಷ್ಟೇ. ಕ್ಲೋಮಿಫೀನ್ ಹಳೆಯದು. ಅದರಿಂದ ಅಂಡೋತ್ಪತ್ತಿ ಆಗುತ್ತದೆ ಎಂಬ ಮೊದಲ ವರದಿ ಬಂದದ್ದು 1961ರಲ್ಲಿ. ಈಸ್ಟ್ರೋಜನ್ ಬಂದು ಕೂರಬೇಕಾದ ಜಾಗದಲ್ಲಿ ಅದು ತಾನು ಹೋಗಿ ಕೂತುಬಿಡುತ್ತದೆ. ಮಿದುಳಿಗೆ ಈಸ್ಟ್ರೋಜನ್ ಕಾಣುವುದೇ ಇಲ್ಲ. ಕಡಿಮೆಯಾಗಿದೆ ಅಂದುಕೊಂಡು ಎಫ್‌ಎಸ್‌ಎಚ್ ಜಾಸ್ತಿ ಬಿಡುತ್ತದೆ. ಉಪಾಯ ಚೆನ್ನಾಗಿದೆ. ತೊಂದರೆ ಏನೆಂದರೆ, ಅದು ಗರ್ಭಕೋಶದ ಒಳಪದರದಲ್ಲೂ ಹೀಗೇ ಹೋಗಿ ಕೂರುತ್ತದೆ. ಕೆಲವರಲ್ಲಿ ಪದರ ತೆಳುವಾಗುತ್ತದೆ. ಜೊತೆಗೆ ಅದರ ಒಂದು ಭಾಗ ದೇಹದಿಂದ ಹೋಗಲು ವಾರಗಟ್ಟಲೆ ಹಿಡಿಯುತ್ತದೆ. ಮೈ ಬಿಸಿಯೇರುವುದು, ಸಿಡುಕು ಇವು ಸಾಮಾನ್ಯ. ಕಣ್ಣು ಮಂಜಾದರೆ, ಕಣ್ಣೆದುರು ಮಿಂಚಿದಂತಾದರೆ ಮಾತ್ರ ಮಾತ್ರೆ ನಿಲ್ಲಿಸಿ ಡಾಕ್ಟರಿಗೆ ಹೇಳಬೇಕು.

ಲೆಟ್ರೊಜೋಲ್ ಮಿದುಳಿಗೆ ಮೋಸ ಮಾಡುವುದಿಲ್ಲ. ಈಸ್ಟ್ರೋಜನ್ ತಯಾರಾಗುವುದನ್ನೇ ಐದು ದಿನ ತಗ್ಗಿಸುತ್ತದೆ. ಮಿದುಳು ಅದನ್ನು ನೋಡಿ ಎಫ್‌ಎಸ್‌ಎಚ್ ಏರಿಸುತ್ತದೆ. ಐದು ದಿನ ಕಳೆದ ಮೇಲೆ ಮಾತ್ರೆ ಬೇಗ ದೇಹ ಬಿಟ್ಟು ಹೋಗುತ್ತದೆ, ಎರಡು ದಿನಕ್ಕೆ ಅರ್ಧದಷ್ಟು ಇಳಿಯುತ್ತದೆ. ಒಂದು ಫಾಲಿಕಲ್ ಬೆಳೆದು ಈಸ್ಟ್ರೋಜನ್ ಬಿಟ್ಟಾಗ ಮಿದುಳಿಗೆ ಅದು ಸರಿಯಾಗಿ ಕಾಣುತ್ತದೆ, ನೀರು ಇಳಿಯುತ್ತದೆ, ಮಿಕ್ಕವು ಹಿಂದೆ ಉಳಿಯುತ್ತವೆ. ಅಂದರೆ ಒಂದನ್ನೇ ಆರಿಸುವ ದೇಹದ ಪದ್ಧತಿ ಕೆಡುವುದಿಲ್ಲ. ಒಳಪದರಕ್ಕೂ ಅಡ್ಡಿಯಿಲ್ಲ. ಇದಕ್ಕೇ ನನಗೆ ಈ ಮಾತ್ರೆ ಇಷ್ಟ.

ಇದು ನನ್ನೊಬ್ಬನ ಅಭಿಪ್ರಾಯ ಅಲ್ಲ. ಪಿಸಿಓಎಸ್ ಇದ್ದ 750 ಮಹಿಳೆಯರ ಮೇಲೆ ಅಮೆರಿಕದಲ್ಲಿ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2014ರಲ್ಲಿ ಬಂತು. ಅರ್ಧದಷ್ಟು ಮಂದಿಗೆ ಕ್ಲೋಮಿಫೀನ್, ಅರ್ಧದಷ್ಟು ಮಂದಿಗೆ ಲೆಟ್ರೊಜೋಲ್, ಹೆಚ್ಚೆಂದರೆ ಐದು ಸೈಕಲ್, ಅಂದರೆ ಐದು ಮುಟ್ಟಿನ ಸುತ್ತು. ಮಗುವನ್ನು ಹೆತ್ತವರು ಲೆಟ್ರೊಜೋಲ್ ಗುಂಪಿನಲ್ಲಿ 27.5%, ಕ್ಲೋಮಿಫೀನ್ ಗುಂಪಿನಲ್ಲಿ 19.1%. ಪಿಸಿಓಎಸ್‌ಗಾಗಿ 2023ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಅಂಡೋತ್ಪತ್ತಿಗೆ ಮೊದಲ ಆಯ್ಕೆ ಲೆಟ್ರೊಜೋಲ್ ಎಂದೇ ಹೇಳುತ್ತದೆ.

ಒಂದು ಮಾತು ಸೇರಿಸಲೇಬೇಕು, ಇಲ್ಲದಿದ್ದರೆ ಲೆಟ್ರೊಜೋಲ್ ಎಲ್ಲರಿಗೂ ಒಳ್ಳೆಯದು ಅಂದುಕೊಳ್ಳುತ್ತೀರಿ. ಮುಟ್ಟು ಸರಿಯಾಗಿ ಬರುವ, ಯಾವ ಕಾರಣವೂ ಸಿಗದೆ ಮಗು ಆಗದ 900 ದಂಪತಿಗಳ ಮೇಲೆ ಇನ್ನೊಂದು ಪ್ರಯೋಗ ನಡೆಯಿತು. 2015ರದ್ದು. ಅಲ್ಲಿ ಲೆಟ್ರೊಜೋಲ್‌ನದು 18.7%, ಕ್ಲೋಮಿಫೀನ್‌ನದು 23.3%. ಲೆಕ್ಕ ತಿರುಗಿಬಿತ್ತು! ಅವರಲ್ಲಿ ಅಂಡಾಣು ತಾನಾಗಿಯೇ ಬಿಡುಗಡೆ ಆಗುತ್ತಿತ್ತು, ಒಂದನ್ನೇ ಬೆಳೆಸುವ ಮಾತ್ರೆಯಿಂದ ಅಷ್ಟೇನೂ ಲಾಭ ಇರಲಿಲ್ಲ ಅನ್ನುವುದು ನನ್ನ ಊಹೆ. ಹಾಗಾಗಿ ಗೆಳತಿಗೆ ಫಲ ಕೊಟ್ಟ ಮಾತ್ರೆಯನ್ನು ನೀವು ಕೇಳುವುದೂ ಬೇಡ, ನಿಮ್ಮ ಮಾತ್ರೆಯನ್ನು ಅವರಿಗೆ ಹೇಳುವುದೂ ಬೇಡ.

ಇನ್ನು ಕ್ಯಾನ್ಸರ್ ಚೀಟಿಯ ಭಯ. ಈ ಭಯ ಹೊತ್ತು ಬರುವವರನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ಚೀಟಿ ಬರೆದವರದೂ ತಪ್ಪಿಲ್ಲ, ಆ ಮಾತ್ರೆ ಹುಟ್ಟಿದ್ದೇ ಸ್ತನ ಕ್ಯಾನ್ಸರ್‌ಗೆ. ಕೆಲವು ಸ್ತನ ಗಡ್ಡೆಗಳು ಈಸ್ಟ್ರೋಜನ್ ಉಂಡು ಬೆಳೆಯುತ್ತವೆ, ಅದನ್ನು ತಗ್ಗಿಸಲು ವರ್ಷಗಟ್ಟಲೆ ದಿನಾ ಕೊಡುತ್ತಾರೆ. ಆ ಗುಣವನ್ನೇ ಐದು ದಿನ ಬಳಸಿಕೊಂಡರೆ ಅಂಡಾಶಯ ಎಚ್ಚರವಾಗುತ್ತದೆ ಎಂದು 2001ರ ಹೊತ್ತಿಗೆ ಗೊತ್ತಾಯಿತು. ನಿಮ್ಮ ಡಬ್ಬಿಯ ಚೀಟಿಯಲ್ಲಿ ಈ ಬಳಕೆ ಅಚ್ಚಾಗಿಲ್ಲ. ಎಷ್ಟೋ ದೇಶಗಳಲ್ಲಿ ಹಾಗೇ. ಅಂದಮಾತ್ರಕ್ಕೆ ಅದು ಕದ್ದುಮುಚ್ಚಿ ಕೊಡುವ ಔಷಧಿ ಆಗುವುದಿಲ್ಲ. ಅದರಿಂದ ಮಗುವಿಗೆ ತೊಂದರೆ ಆಗಬಹುದೇ ಎಂಬ ಗುಲ್ಲು 2005ರಲ್ಲಿ ಒಂದು ಸಮ್ಮೇಳನದಿಂದ ಎದ್ದಿತ್ತು. ಮರು ವರ್ಷವೇ 911 ಶಿಶುಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಅಧ್ಯಯನ ಬಂತು. ಲೆಟ್ರೊಜೋಲ್‌ನಿಂದ ಹುಟ್ಟಿದ ಮಕ್ಕಳಲ್ಲಿ ಹುಟ್ಟುದೋಷ ಕ್ಲೋಮಿಫೀನ್ ಮಕ್ಕಳಿಗಿಂತ ಹೆಚ್ಚಿರಲಿಲ್ಲ. ಮುಂದೆ ಬಂದ ಅಧ್ಯಯನಗಳೂ ಹೆದರಿಸುವಂಥದ್ದು ಏನೂ ಹೇಳಿಲ್ಲ. ಆದರೆ ಗರ್ಭ ನಿಂತಮೇಲೆ ಅದನ್ನು ನುಂಗುವಂತಿಲ್ಲ. ನಿಮ್ಮ ಮುಟ್ಟು ತಡವಾಗಿ ಬರುವಂಥದ್ದು, ಆದ್ದರಿಂದ ಪ್ರತಿ ಸಲ ಶುರು ಮಾಡುವ ಮುಂಚೆ ಪ್ರೆಗ್ನೆನ್ಸಿ ಟೆಸ್ಟ್ ಮಾಡಿಕೊಳ್ಳಿ. ಇದೊಂದನ್ನು ಮರೆಯಬೇಡಿ.

ಸಾಮಾನ್ಯವಾಗಿ ಮುಟ್ಟಿನ ಎರಡರಿಂದ ಐದನೇ ದಿನದೊಳಗೆ ಶುರು ಮಾಡಿ ಐದು ದಿನ ಕೊಡುತ್ತೇವೆ. ಮೊದಲು 2.5 ಮಿ.ಗ್ರಾಂ., ಫಾಲಿಕಲ್ ಬೆಳೆಯದಿದ್ದರೆ 5, ಆಮೇಲೆ 7.5. ಸುಸ್ತು, ಸ್ವಲ್ಪ ತಲೆಸುತ್ತು ಇರಬಹುದು. ನಿಮ್ಮ ಮೂರು ತಿಂಗಳಲ್ಲಿ ಅಂಡಾಣುವೇ ಬೆಳೆದಿಲ್ಲ. ಹಾಗಾದರೆ ಮಗುವಿಗಾಗಿ ನೀವು ಮೂರು ಸಲ ಪ್ರಯತ್ನಿಸಿ ಸೋತಿರಿ ಅಂತ ಲೆಕ್ಕ ಇಡಬೇಡಿ, ಆ ಪ್ರಯತ್ನ ಇನ್ನೂ ಶುರುವೇ ಆಗಿಲ್ಲ. ಅಂಡೋತ್ಪತ್ತಿ ಆಗತೊಡಗಿದ ಮೇಲೆ ನಾಲ್ಕು ತಿಂಗಳೋ ಆರು ತಿಂಗಳೋ ಕಾಯಬಹುದು. ಅಂಡಾಣು ಬಿಡುಗಡೆ ಆಯಿತೋ ಇಲ್ಲವೋ ಎಂಬುದನ್ನು ಸ್ಕ್ಯಾನ್‌ನಲ್ಲಿ, ಇಲ್ಲವೇ ಅಂಡೋತ್ಪತ್ತಿಯಾಗಿ ಒಂದು ವಾರಕ್ಕೆ, ಆಗ ಏರುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನಿನ ರಕ್ತ ಪರೀಕ್ಷೆಯಲ್ಲಿ ತಿಳಿದುಕೊಳ್ಳುತ್ತೇವೆ.

ನಿಮ್ಮ ಪತ್ರದಲ್ಲಿ ಒಂದು ವಿಷಯ ಹುಡುಕಿದೆ, ಸಿಗಲಿಲ್ಲ. ಟ್ಯೂಬ್ ಟೆಸ್ಟ್ ಆಗಿದೆಯಾ? ಗರ್ಭನಾಳ ಎರಡೂ ಮುಚ್ಚಿಕೊಂಡಿದ್ದರೆ ಎಷ್ಟು ಚೆಂದದ ಅಂಡಾಣು ಬೆಳೆಸಿದರೂ ವ್ಯರ್ಥ. ನಾಲ್ಕು ವರ್ಷ ಆಗಿದೆ ಅನ್ನುತ್ತೀರಿ, ಇನ್ನು ಮುಂದೆ ಹೋಗುವ ಮುಂಚೆ ಅದನ್ನು ಮಾಡಿಸಿಬಿಡಿ. ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನ್), ಸಕ್ಕರೆ ಇವೂ ಒಮ್ಮೆ ನೋಡಿರಬೇಕು. ಪ್ರೊಲ್ಯಾಕ್ಟಿನ್ ಜಾಸ್ತಿ ಇದ್ದು ಮುಟ್ಟು ನಿಂತವರಿಗೆ ಕ್ಯಾಬರ್ಗೊಲಿನ್ ಎಂಬ ಮಾತ್ರೆ ಸಾಕಾಗುವುದುಂಟು. ಅಂಥವರಿಗೆ ಅಂಡಾಶಯವನ್ನು ಎಬ್ಬಿಸುವ ಔಷಧಿಯೇ ಬೇಡ. ತೂಕ ಜಾಸ್ತಿ ಇದ್ದರೆ ಅದರಲ್ಲಿ ಐದರಿಂದ ಹತ್ತು ಪ್ರತಿಶತ ಇಳಿಸಿದರೂ ಕೆಲವರಿಗೆ ಮುಟ್ಟು ತಾನಾಗಿ ಸರಿಹೋಗುತ್ತದೆ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನೂ ಜೊತೆಗೆ ಕೊಡಬಹುದು, ಆದರೆ ಅದೊಂದರಿಂದಲೇ ಲೆಟ್ರೊಜೋಲ್‌ನಷ್ಟು ಫಲ ಸಿಗುವುದಿಲ್ಲ.

ಮಾತ್ರೆಯೇ ಕೆಲಸ ಮಾಡದ ಒಂದು ಗುಂಪೂ ಇದೆ. ನಿಮಗೆ ಸಂಬಂಧವಿಲ್ಲ, ಓದುವ ಬೇರೆಯವರಿಗಾಗಿ ಹೇಳುತ್ತಿದ್ದೇನೆ. ಮಿದುಳು ಎಫ್‌ಎಸ್‌ಎಚ್, ಎಲ್‌ಎಚ್ ಎರಡನ್ನೂ ಬಿಡುವುದನ್ನೇ ನಿಲ್ಲಿಸಿರುತ್ತದೆ. ತೂಕ ತೀರಾ ಇಳಿದವರಲ್ಲಿ, ವಿಪರೀತ ವ್ಯಾಯಾಮ ಮಾಡುವವರಲ್ಲಿ, ಪಿಟ್ಯುಟರಿಯ ತೊಂದರೆ ಇರುವವರಲ್ಲಿ ಹೀಗಾಗುತ್ತದೆ. ಎರಡೂ ಮಾತ್ರೆಗಳು ಮಿದುಳಿನ ಕೈಯಿಂದಲೇ ಕೆಲಸ ಮಾಡಿಸುವಂಥವು, ಆ ಕೈಯೇ ಬರಿದಾಗಿದ್ದರೆ ಏನು ಮಾಡಿಸುತ್ತೀರಿ? ತೂಕದಿಂದ ಆದದ್ದಾದರೆ ಮೊದಲು ತೂಕ ಸರಿಮಾಡಬೇಕು. ಇಲ್ಲದಿದ್ದರೆ ಇಂಜೆಕ್ಷನ್ನೇ ಗತಿ. ಅದೂ ಎಫ್‌ಎಸ್‌ಎಚ್ ಒಂದೇ ಸಾಲದು, ಎಲ್‌ಎಚ್ ಕೂಡ ಇರಬೇಕು.

ಈಗ ಇಂಜೆಕ್ಷನ್‌ಗೆ ಬರೋಣ. ಇದು ಮಿದುಳನ್ನು ಕೇಳುವುದೇ ಇಲ್ಲ, ಕಾಲುವೆಗೆ ನಾವೇ ಹೊರಗಿನಿಂದ ನೀರು ಹಾಯಿಸಿದಂತೆ. ಇದರ ಹುಟ್ಟಿನ ಕಥೆ ಸ್ವಾರಸ್ಯವಾಗಿದೆ. ವಯಸ್ಸಾಗಿ ಮುಟ್ಟು ನಿಂತ ಮಹಿಳೆಯರ ಅಂಡಾಶಯ ಉತ್ತರ ಕೊಡದಿರುವುದರಿಂದ ಅವರ ಮಿದುಳು ಎಫ್‌ಎಸ್‌ಎಚ್, ಎಲ್‌ಎಚ್ ಎರಡನ್ನೂ ಧಾರಾಳವಾಗಿ ಸುರಿಯುತ್ತಿರುತ್ತದೆ. ಅದು ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಇಟಲಿಯಲ್ಲಿ ಪಿಯೆರೊ ಡೊನಿನಿ ಎಂಬ ವಿಜ್ಞಾನಿ 1940ರ ದಶಕದ ಕೊನೆಯಲ್ಲಿ ಅದನ್ನು ಸೋಸಿ ತೆಗೆದರು. ಅಷ್ಟು ಮೂತ್ರಕ್ಕೆ ಎಲ್ಲಿಗೆ ಹೋಗುವುದು? ವಯಸ್ಸಾದ ಕ್ರೈಸ್ತ ಸನ್ಯಾಸಿನಿಯರ ಮಠಗಳಿಂದ ಸಂಗ್ರಹಿಸಿದರು. ಆ ಔಷಧಿಯಿಂದ ಮೊದಲ ಮಗು ಹುಟ್ಟಿದ್ದು 1962ರಲ್ಲಿ, ಇಸ್ರೇಲಿನಲ್ಲಿ, ಬ್ರೂನೊ ಲುನೆನ್‌ಫೆಲ್ಡ್ ಎಂಬ ವೈದ್ಯರ ಚಿಕಿತ್ಸೆಯಿಂದ. ಮಕ್ಕಳನ್ನು ಹೆರದ ಸನ್ಯಾಸಿನಿಯರು ಎಷ್ಟು ಮನೆಗಳಲ್ಲಿ ತೊಟ್ಟಿಲು ಕಟ್ಟಿಸಿದರೋ! ಎಚ್‌ಎಂಜಿ ಎಂಬ ಹೆಸರಿನಲ್ಲಿ ಅದು ಇವತ್ತಿಗೂ ಬಳಕೆಯಲ್ಲಿದೆ, ಈಗ ಹೆಚ್ಚು ಶುದ್ಧವಾಗಿ ಬರುತ್ತದೆ. 75 ಯೂನಿಟ್‌ನ ಒಂದು ವಯಲ್‌ನಲ್ಲಿ ಎಫ್‌ಎಸ್‌ಎಚ್, ಎಲ್‌ಎಚ್ ಎರಡರ ಕೆಲಸವೂ ಅಷ್ಟಷ್ಟೇ ಇರುತ್ತದೆ. 1990ರ ದಶಕದಿಂದ ಲ್ಯಾಬಿನಲ್ಲಿ ಜೀವಕೋಶಗಳಿಂದ ತಯಾರಿಸಿದ ರಿಕಾಂಬಿನೆಂಟ್ ಎಫ್‌ಎಸ್‌ಎಚ್ ಬಂದಿದೆ. ಪೆನ್‌ನಲ್ಲಿ ಸಿಗುತ್ತದೆ, ಡೋಸ್ ಅಳೆಯುವುದು ಸುಲಭ. ಫಲದಲ್ಲಿ ಇವೆರಡರ ನಡುವೆ ದೊಡ್ಡ ಅಂತರ ಇಲ್ಲ. ದುಬಾರಿ ಪೆನ್ ಬರೆದಿದ್ದಾರೆ, ಹಾಗಾದರೆ ಒಳ್ಳೆಯದೇ ಇರಬೇಕು ಅನ್ನುವ ಲೆಕ್ಕ ಬೇಡ.

ಮಾತ್ರೆ ಫಲಿಸದೆ ನಿಮಗೆ ಮುಂದೆ ಇಂಜೆಕ್ಷನ್ ಬೇಕಾದರೂ ಗುರಿ ಬದಲಾಗುವುದಿಲ್ಲ, ಒಂದೇ ಅಂಡಾಣು. ಆದ್ದರಿಂದ ದಿನಕ್ಕೆ 37.5 ಅಥವಾ 75 ಯೂನಿಟ್‌ನಿಂದ ಶುರು. ಫಾಲಿಕಲ್ ಅಲುಗಾಡದಿದ್ದರೂ ಒಂದು ವಾರ, ಎಷ್ಟೋ ಸಲ ಎರಡು ವಾರ ಅದೇ ಡೋಸ್‌ನಲ್ಲಿ ಕಾಯುತ್ತೇವೆ. ಆಮೇಲೆ ಇಷ್ಟಿಷ್ಟೇ ಏರಿಸುತ್ತೇವೆ. ಇಲ್ಲೇ ರೋಗಿಗೂ ಡಾಕ್ಟರಿಗೂ ತಾಳ್ಮೆ ತಪ್ಪುವುದು. 'ಡಾಕ್ಟ್ರೇ, ಹತ್ತು ದಿನ ಚುಚ್ಚಿಸಿಕೊಂಡೆ, ಇನ್ನೂ ಏನೂ ಇಲ್ಲ, ಡೋಸ್ ಡಬಲ್ ಮಾಡಿ' ಅನ್ನುತ್ತಾರೆ. ಡಬಲ್ ಮಾಡಿದೆವು ಅಂತಿಟ್ಟುಕೊಳ್ಳಿ. ಪಿಸಿಓಎಸ್ ಅಂಡಾಶಯದಲ್ಲಿ ಎಚ್ಚರವಾಗುವುದಕ್ಕೂ ಉಕ್ಕಿ ಹರಿಯುವುದಕ್ಕೂ ನಡುವಿನ ಗೆರೆ ಬಹಳ ಸಣ್ಣದು. ನಿನ್ನೆವರೆಗೆ ಒಂದೂ ಇಲ್ಲ, ನಾಲ್ಕು ದಿನ ಬಿಟ್ಟು ನೋಡಿದರೆ ಎಂಟು! ಎಂಟು ಅಂಡಾಣು ಟ್ಯೂಬಿಗೆ ಇಳಿದರೆ ಎಷ್ಟು ಮಕ್ಕಳು ಕೂರುತ್ತವೆ ಎಂಬುದು ಯಾರ ಹಿಡಿತದಲ್ಲೂ ಇಲ್ಲ. ನಾನು ಹೇಳಿದ 2015ರ ಪ್ರಯೋಗದಲ್ಲಿ ಇಂಜೆಕ್ಷನ್ ಗುಂಪಿನ ಮಹಿಳೆಯರಲ್ಲಿ ಹೆತ್ತವರು ಜಾಸ್ತಿ, 32.2%. ಆದರೆ ಮುಂದುವರಿದ ಬಸಿರುಗಳಲ್ಲಿ ಮೂರರಲ್ಲೊಂದು ಹತ್ತಿರ ಹತ್ತಿರ ಅವಳಿ ಇಲ್ಲವೇ ತ್ರಿವಳಿ. 24 ಅವಳಿ, 10 ತ್ರಿವಳಿ. ಮಾತ್ರೆ ತೆಗೆದುಕೊಂಡ ಎರಡೂ ಗುಂಪುಗಳಲ್ಲಿ ತ್ರಿವಳಿ ಒಂದೂ ಇರಲಿಲ್ಲ. ತ್ರಿವಳಿ ಅಂದರೆ ಫೋಟೋದಲ್ಲಿ ಚೆಂದ. ಅವಧಿಗೆ ಮುಂಚೆ ಹುಟ್ಟಿ, ವಾರಗಟ್ಟಲೆ ಎನ್‌ಐಸಿಯುನಲ್ಲಿ ಇರುವ ಶಿಶುಗಳನ್ನು ನೋಡಿದವರಿಗೆ ಆ ಆಸೆ ಹುಟ್ಟುವುದಿಲ್ಲ. ಅದಕ್ಕೇ, ಮೂರಕ್ಕಿಂತ ಜಾಸ್ತಿ ಫಾಲಿಕಲ್ ದಪ್ಪವಾದರೆ ಆ ತಿಂಗಳು ನಿಲ್ಲಿಸಿಬಿಡುತ್ತೇವೆ. ಟ್ರಿಗರ್ (ಅಂಡಾಣು ಬಿಡುಗಡೆಗೆ ಕೊಡುವ ಕೊನೆಯ ಇಂಜೆಕ್ಷನ್) ಇಲ್ಲ, ಐಯುಐ (ವೀರ್ಯವನ್ನು ನೇರ ಗರ್ಭಕೋಶಕ್ಕೆ ಹಾಕುವುದು) ಇಲ್ಲ, ಗಂಡ ಹೆಂಡತಿ ಸೇರುವಂತೆಯೂ ಇಲ್ಲ. ಬೇಜಾರಾಗುತ್ತದೆ, ಗೊತ್ತು.

ಐವಿಎಫ್‌ನಲ್ಲಿ ಗುರಿಯೇ ತಲೆಕೆಳಗು. ಅಂಡಾಣುಗಳನ್ನು ಸೂಜಿಯಿಂದ ಹೊರಗೆ ತೆಗೆಯುತ್ತೇವೆ, ಗರ್ಭಕೋಶಕ್ಕೆ ಬಿಡುವುದು ಒಂದೇ ಭ್ರೂಣ, ಹೆಚ್ಚೆಂದರೆ ಎರಡು. ಹಾಗಾಗಿ ಜಾಸ್ತಿ ಬೆಳೆದರೆ ಅನುಕೂಲವೇ. ಅಂದಹಾಗೆ, ಜಗತ್ತಿನ ಮೊದಲ ಐವಿಎಫ್ ಮಗು ಲೂಯಿಸ್ ಬ್ರೌನ್, 1978ರ ಜುಲೈ 25ರಂದು ಹುಟ್ಟಿದವಳು, ಬಂದದ್ದು ಯಾವ ಹಾರ್ಮೋನೂ ಇಲ್ಲದೆ ತಾನಾಗಿ ಬೆಳೆದ ಒಂದೇ ಅಂಡಾಣುವಿನಿಂದ. ಆದರೆ ಒಂದೇ ಇದ್ದಾಗ ಅದು ಕೈಗೆ ಸಿಗದೆ ಹೋಗಬಹುದು, ಫಲಿಸದೆ ಹೋಗಬಹುದು, ಮೂರನೇ ದಿನಕ್ಕೆ ಬೆಳೆಯುವುದನ್ನೇ ನಿಲ್ಲಿಸಬಹುದು. ಅದಕ್ಕೇ ಈಗ ಕಾಲುವೆಯ ನೀರು ಇಳಿಯದಂತೆ ನೋಡಿಕೊಂಡು ಆ ತಿಂಗಳ ಎಲ್ಲ ಸಸಿಗಳನ್ನೂ ಒಟ್ಟಿಗೆ ಬೆಳೆಸುತ್ತೇವೆ. ಎಂಟರಿಂದ ಹನ್ನೆರಡು ದಿನದ ಕೆಲಸ.

ನಿಮ್ಮ ಅಕ್ಕನ 300 ಯೂನಿಟ್ ನೋಡಿ ನೀವು ಅವಳಿಗೆ ಸ್ಟ್ರಾಂಗ್ ಚಿಕಿತ್ಸೆ ಸಿಕ್ಕಿತು ಅಂದುಕೊಂಡಿದ್ದೀರಿ, ಅಲ್ವಾ? ಅವಳ ಮಡಿಯಲ್ಲಿ ಇದ್ದದ್ದೇ ನಾಲ್ಕೈದು ಸಸಿ. ಎಎಂಎಚ್ 0.7 ಅಂದರೆ ಅದೇ ಅರ್ಥ. ನೀರು ಎಷ್ಟು ಹಾಯಿಸಿದರೂ ಐದು ಸಸಿ ಹತ್ತಾಗುವುದಿಲ್ಲ. 300ರ ಮೇಲೆ ಹೋದರೆ ಖರ್ಚು ಬೆಳೆಯುತ್ತದೆ, ಅಂಡಾಣು ಬೆಳೆಯುವುದಿಲ್ಲ. ನಿಮಗೇ ಐವಿಎಫ್ ಆಗಬೇಕಾಗಿ ಬಂದರೆ 100, 150 ಯೂನಿಟ್‌ನಲ್ಲೇ ಹದಿನೈದು ಇಪ್ಪತ್ತು ಬರಬಹುದು. ಅಲ್ಲಿ ನನ್ನ ಚಿಂತೆ ಎಷ್ಟು ಬರುತ್ತವೆ ಅಂತಲ್ಲ, ಹೇಗೆ ತಡೆಯಲಿ ಅಂತ. ಇನ್ನೊಂದು ಮಾತು: ಎಎಂಎಚ್ ಹೇಳುವುದು ಎಣಿಕೆ ಮಾತ್ರ. ಅಂಡಾಣುವಿನ ಗುಣಮಟ್ಟ ಬಹಳ ಮಟ್ಟಿಗೆ ವಯಸ್ಸಿನ ಜೊತೆ ಹೋಗುತ್ತದೆ. ಅದನ್ನು ತಿದ್ದುವ ಹಾರ್ಮೋನ್ ಇಂಜೆಕ್ಷನ್ ಯಾವುದೂ ಇಲ್ಲ. ಗ್ರೋತ್ ಹಾರ್ಮೋನ್, ಡಿಎಚ್‌ಇಎ ಅಂತ ಮೇಲಿಂದ ಸೇರಿಸುವವರಿದ್ದಾರೆ, ಎಲ್ಲರಿಗೂ ಕೊಡುವಷ್ಟು ಗಟ್ಟಿ ಪುರಾವೆ ಇಲ್ಲ.

ಐವಿಎಫ್‌ನಲ್ಲಿ ಎಫ್‌ಎಸ್‌ಎಚ್ ಜೊತೆ ಎರಡನೇ ಔಷಧಿಯೂ ಬೇಕು. ಹತ್ತು ಫಾಲಿಕಲ್ ಸೇರಿ ಈಸ್ಟ್ರೋಜನ್ ಸುರಿಸಿದಾಗ ಮಿದುಳು ಸಮಯಕ್ಕೆ ಮುಂಚೆಯೇ ಎಲ್‌ಎಚ್ ಬಿಟ್ಟುಬಿಡಬಹುದು. ಅಂಡಾಣುಗಳು ನಾವು ತೆಗೆಯುವ ಮುಂಚೆಯೇ ಹೊರಟುಹೋದರೆ ಎಲ್ಲ ಹಾಳು. ಇದಕ್ಕೆ ಬಾಗಿಲು ಹಾಕಲು ಮೂರು ದಾರಿ. ಹಳೆಯದು ಅಗೋನಿಸ್ಟ್, ಲ್ಯುಪ್ರೊಲೈಡ್, ಟ್ರಿಪ್ಟೊರೆಲಿನ್ ಇಂಥವು. ಹಿಂದಿನ ಸೈಕಲ್‌ನ ಕೊನೆಯಲ್ಲೇ, ಅಂದರೆ ಮುಟ್ಟು ಬರುವ ಸುಮಾರು ಒಂದು ವಾರ ಮುಂಚೆಯೇ, ಶುರು ಮಾಡಬೇಕು. ಇವು ಪಿಟ್ಯುಟರಿಯನ್ನು ಮೊದಲು ಕೆರಳಿಸಿ, ಆಮೇಲೆ ಸುಸ್ತು ಮಾಡಿ ಮಲಗಿಸುತ್ತವೆ. ಇಂಜೆಕ್ಷನ್ ದಿನಗಳು ಜಾಸ್ತಿ. ಈಗ ಹೆಚ್ಚಾಗಿ ಕೊಡುವುದು ಆಂಟಾಗೋನಿಸ್ಟ್, ಅಂದರೆ ಸೆಟ್ರೊರೆಲಿಕ್ಸ್ ಅಥವಾ ಗ್ಯಾನಿರೆಲಿಕ್ಸ್. ಐದಾರನೇ ದಿನದಿಂದ ದಿನಾ 0.25 ಮಿ.ಗ್ರಾಂ. ಹಾಕಿದರೆ ಬಾಗಿಲು ಕೂಡಲೇ ಮುಚ್ಚುತ್ತದೆ. ಮೂರನೆಯದು ಪ್ರೊಜೆಸ್ಟರಾನ್ ಜಾತಿಯ ಮಾತ್ರೆ. ಚುಚ್ಚುವ ಕಾಟವಿಲ್ಲ, ಆದರೆ ಅದು ಒಳಪದರವನ್ನು ಬೇಗ ಬದಲಿಸುವುದರಿಂದ ಆ ತಿಂಗಳು ಭ್ರೂಣ ಹಾಕುವಂತಿಲ್ಲ, ಎಲ್ಲವನ್ನೂ ಫ್ರೀಜ್ ಮಾಡಬೇಕು.

ಪಿಸಿಓಎಸ್ ಇರುವವರಿಗೆ ಆಂಟಾಗೋನಿಸ್ಟ್ ಬೇಕು ಅನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ. ಕಾರಣ ಟ್ರಿಗರ್. ಫಾಲಿಕಲ್‌ಗಳು 17, 18 ಮಿ.ಮೀ. ದಾಟಿದ ಮೇಲೆ ಅಂಡಾಣುಗಳನ್ನು ಹಣ್ಣು ಮಾಡುವ ಕೊನೆಯ ಇಂಜೆಕ್ಷನ್ ಇದು. ಇದಾಗಿ 34ರಿಂದ 36 ಗಂಟೆಗೆ ಅಂಡಾಣು ತೆಗೆಯುತ್ತೇವೆ. ಹಾಗಾಗಿ ರಾತ್ರಿ ಹತ್ತು ಅಂದರೆ ಹತ್ತು, 'ಹತ್ತೂವರೆ ಆಯ್ತು ಡಾಕ್ಟ್ರೇ' ಅಂದರೆ ಕೂಡಲೇ ಫೋನ್ ಮಾಡಿ ಹೇಳಬೇಕು. ರೂಢಿಯ ಟ್ರಿಗರ್ ಎಚ್‌ಸಿಜಿ. ಅದು ದೇಹದಲ್ಲಿ ಎಷ್ಟೋ ದಿನ ಉಳಿದು ಅಂಡಾಶಯವನ್ನು ಕೆರಳಿಸುತ್ತಲೇ ಇರುತ್ತದೆ. ಫಾಲಿಕಲ್ ಜಾಸ್ತಿ ಇದ್ದವರಲ್ಲಿ ರಕ್ತನಾಳಗಳು ಸೋರತೊಡಗುತ್ತವೆ, ನೀರು ಹೊಟ್ಟೆಗೆ ಇಳಿಯುತ್ತದೆ. ಇದೇ ಓಎಚ್‌ಎಸ್‌ಎಸ್. ಆಂಟಾಗೋನಿಸ್ಟ್ ಕೊಟ್ಟವರಲ್ಲಿ ಪಿಟ್ಯುಟರಿ ಎಚ್ಚರವಾಗಿಯೇ ಇರುವುದರಿಂದ, ಎಚ್‌ಸಿಜಿ ಬದಲು ಒಂದು ಡೋಸ್ ಅಗೋನಿಸ್ಟ್ ಕೊಟ್ಟು ದೇಹದ ಸ್ವಂತ ಎಲ್‌ಎಚ್ ಅನ್ನೇ ಬಿಡಿಸಬಹುದು. ಅದು ಬೇಗ ಇಳಿದುಹೋಗುತ್ತದೆ. ಭ್ರೂಣಗಳನ್ನು ಫ್ರೀಜ್ ಮಾಡಿ, ಒಂದೆರಡು ತಿಂಗಳು ಬಿಟ್ಟು ಹಾಕಿದರೆ ತೀವ್ರ ಓಎಚ್‌ಎಸ್‌ಎಸ್ ಬಹಳ ಅಪರೂಪ. ಈ ಉಪಾಯ ಬರುವ ಮುಂಚೆ ಹೊಟ್ಟೆಯಿಂದ ಲೀಟರುಗಟ್ಟಲೆ ನೀರು ತೆಗೆದ ದಿನಗಳು ನನಗೆ ನೆನಪಿವೆ.

ಅತ್ತೆಯವರ ಭಯಕ್ಕೆ ಉತ್ತರ ನೀವೇ ಊಹಿಸಿರಬೇಕು. ಹುಟ್ಟುವಾಗ ಹೆಣ್ಣುಮಗುವಿನ ಅಂಡಾಶಯದಲ್ಲಿ ಹತ್ತರಿಂದ ಇಪ್ಪತ್ತು ಲಕ್ಷ ಅಂಡಾಣುಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ. ಜೀವಮಾನದಲ್ಲಿ ಹೊರಗೆ ಬರುವುದು ಹೆಚ್ಚೆಂದರೆ 400, 500. ಮಿಕ್ಕವು ಮಾತ್ರೆ ನುಂಗಿದರೂ ನುಂಗದಿದ್ದರೂ ಒಣಗುತ್ತವೆ. ನಾವು ಬೆಳೆಸುವುದು ಆ ತಿಂಗಳು ಒಣಗಲಿದ್ದ ಸಸಿಗಳನ್ನೇ. ಮುಂದಿನ ತಿಂಗಳ ಮಡಿಗೆ ನಮ್ಮ ನೀರು ಹೋಗುವುದಿಲ್ಲ. ಅತ್ತೆಗೆ ಇದನ್ನು ಹೇಳಿ, ಅವರು ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಮುಂದೆ ಅಂಡಾಶಯದ ಕ್ಯಾನ್ಸರ್ ಬರುತ್ತದಾ ಅಂತಲೂ ಬಹಳ ಜನ ಕೇಳುತ್ತಾರೆ. ದೊಡ್ಡ ಅಧ್ಯಯನಗಳು ಒಟ್ಟಾರೆ ಸಮಾಧಾನವನ್ನೇ ಹೇಳಿವೆ. ಹಾಗಂತ ಒಂದೇ ಮಾತ್ರೆಯನ್ನು ವರ್ಷಗಟ್ಟಲೆ ನುಂಗುತ್ತಾ ಕೂರುವುದಕ್ಕೆ ಅರ್ಥವಿಲ್ಲ. ಆರು ಸಲ ಅಂಡೋತ್ಪತ್ತಿಯಾಗಿ ಫಲಿಸದ್ದನ್ನು ಹನ್ನೆರಡನೇ ಸಲಕ್ಕೆ ಎಳೆಯುವುದು ಬರೀ ಕಾಲಹರಣ.

ನೀವು ಮಾಡಬೇಕಾದದ್ದು ಇಷ್ಟು. ಟ್ಯೂಬ್ ಟೆಸ್ಟ್ ಆಗಿಲ್ಲದಿದ್ದರೆ ಈ ಸಲದ ಮುಟ್ಟಿನ ರಕ್ತಸ್ರಾವ ನಿಂತ ಕೂಡಲೇ ಮಾಡಿಸಿ. ಲೆಟ್ರೊಜೋಲ್ ಶುರು ಮಾಡಿ, ಸ್ಕ್ಯಾನ್ ತಪ್ಪಿಸಬೇಡಿ. 7.5ರವರೆಗೆ ಹೋದರೂ ಫಾಲಿಕಲ್ ಬೆಳೆಯದಿದ್ದರೆ ಕಡಿಮೆ ಡೋಸ್ ಇಂಜೆಕ್ಷನ್ ಬಗ್ಗೆ ಕೇಳಿ. ಲ್ಯಾಪರೊಸ್ಕೋಪಿಯಲ್ಲಿ ಅಂಡಾಶಯಕ್ಕೆ ಸಣ್ಣ ತೂತು ಮಾಡುವ ದಾರಿಯೂ ಇದೆ, ಆದರೆ ಅದರಿಂದ ಆರೋಗ್ಯವಂತ ಭಾಗಕ್ಕೂ ಪೆಟ್ಟು ಬೀಳುವುದರಿಂದ ನಾನು ಅದನ್ನು ಕೊನೆಗೆ ಇಡುತ್ತೇನೆ. ಇಂಜೆಕ್ಷನ್‌ಗೆ ಹೋದರೆ 'ಎಷ್ಟು ಫಾಲಿಕಲ್ ಆದರೆ ನಿಲ್ಲಿಸುತ್ತೀರಿ?' ಎಂದು ಶುರುವಿನಲ್ಲೇ ಕೇಳಿಟ್ಟುಕೊಳ್ಳಿ. ಟ್ರಿಗರ್ ಆದಮೇಲೆ ಹೊಟ್ಟೆ ಸ್ವಲ್ಪ ಉಬ್ಬಿದಂತಿರುವುದು ಸಹಜ. ದಿನಕ್ಕೆ ಒಂದು ಕಿಲೋ ತೂಕ ಏರಿದರೆ, ಮೂತ್ರ ಕಡಿಮೆಯಾದರೆ, ವಾಂತಿ ನಿಲ್ಲದಿದ್ದರೆ, ಉಸಿರು ಕಟ್ಟಿದರೆ ಅಥವಾ ಒಂದು ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಬೆಳಗಿನವರೆಗೆ ಕಾಯಬೇಡಿ, ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಹೋಗಿ.